ಮರದಚ್ಚಿನ ಒಂದು ಹಾಳೆಗೆ 2,000 ರೂಪಾಯಿ ಯಾಕೆ? ಕಲಾವಿದರ ದುಡಿಮೆಯ ಲೆಕ್ಕ ಇಲ್ಲಿದೆ

ಒಂದೇ ಒಂದು ಹಾಳೆಯ ಚಿತ್ರ. ಫ್ರೇಮ್ ಕೂಡ ಇಲ್ಲ. ಬೆಲೆ 2,000 ರೂಪಾಯಿ. ಮರದಚ್ಚಿನ ಚಿತ್ರ ಮಾರುವವರ ಮುಂದೆ ನಿಂತ ಗಿರಾಕಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಇದು ಪ್ರಿಂಟ್ ಅಲ್ವಾ? ಮತ್ತೆ ಇಷ್ಟೊಂದು ರೇಟ್ ಯಾಕೆ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ತಾಲ್ಲೂಕಿನ ಪೇಟೆಯಲ್ಲಿ ಪ್ರಿಂಟ್ ಅಂದರೆ ಫ್ಲೆಕ್ಸ್, ಲಗ್ನಪತ್ರಿಕೆ, ಕಲರ್ ಜೆರಾಕ್ಸ್. ಬಟನ್ ಒತ್ತಿದರೆ ಎಷ್ಟು ಬೇಕೋ ಅಷ್ಟು ಬರುತ್ತದೆ. ಮರದಚ್ಚಿನ ಕಸುಬಿನಲ್ಲಿ ಪ್ರತಿ ಹಾಳೆಯನ್ನೂ ಕೈಯಲ್ಲೇ ಎತ್ತಬೇಕು. ಚಿತ್ರ ಬರೆಯುವವರು, ಕೆತ್ತುವವರು, ಅಚ್ಚು ಹಾಕುವವರು, ಕೊನೆಗೆ ಮಾರುವವರು ಎಲ್ಲ ಒಬ್ಬರೇ.

ಅಚ್ಚು ಆಗುವುದು ಹೇಗೆ?

ರಬ್ಬರ್ ಸ್ಟಾಂಪ್ ನೋಡಿದವರಿಗೆ ಇದರ ತತ್ವ ಬೇಗ ಅರ್ಥವಾಗುತ್ತದೆ. ಉಬ್ಬಿದ ಜಾಗಕ್ಕೆ ಮಸಿ ಹತ್ತುತ್ತದೆ, ತಗ್ಗಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಹಲಗೆಯ ಮೇಲೆ ಚಿತ್ರವನ್ನು ತಿರುಗುಮುರುಗಾಗಿ ಬರೆದು, ಬಿಳಿ ಇರಬೇಕಾದ ಭಾಗವನ್ನೆಲ್ಲ ಸಣ್ಣ ಉಳಿಗಳಿಂದ ಕೆತ್ತಿ ತೆಗೆಯುತ್ತಾರೆ. ಒಂದು ತೆಳು ಗೆರೆ ಹಾರಿಹೋದರೆ ಸರಿಪಡಿಸುವುದು ಬಹಳ ಕಷ್ಟ.

ಆಮೇಲೆ ರೋಲರ್‌ನಿಂದ ಮಸಿ ಹಚ್ಚಿ, ಹಾಳೆ ಹಾಸಿ, ಹಿಂಬದಿಯಿಂದ ಒತ್ತಿ ಉಜ್ಜುತ್ತಾರೆ. ಯಂತ್ರ ಇಲ್ಲದಿದ್ದರೆ ಊಟದ ಚಮಚದ ಬೆನ್ನಲ್ಲೂ ಈ ಕೆಲಸ ಆಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾದಂಥ ಕಡೆ ಗ್ರಾಫಿಕ್ಸ್ ಕಲಿತು ಹೊರಬಂದವರಿಗೆ ಕಾಲೇಜಿನ ಪ್ರೆಸ್ ಮನೆಯಲ್ಲಿ ಸಿಗುವುದಿಲ್ಲ. ಪ್ರೆಸ್ ಇಲ್ಲದೆಯೂ ಮನೆಯ ಕೋಣೆಯಲ್ಲಿ ಮುಂದುವರಿಸಬಹುದಾದ ವಿಧಾನ ಎಂದರೆ ಮರದಚ್ಚು.

ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಬೇಕು. ಮೂರು ಬಣ್ಣವಾದರೆ ಅದೇ ಹಾಳೆಯನ್ನು ಮೂರು ಸಲ, ಕೂದಲೆಳೆಯೂ ಆಚೀಚೆ ಆಗದ ಹಾಗೆ ಕೂರಿಸಬೇಕು. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಎಣ್ಣೆ ಮಸಿ ಒಣಗುವುದೇ ನಿಧಾನ, ಹಾಳೆಗಳು ದಿನಗಟ್ಟಲೆ ಹಗ್ಗದ ಮೇಲೆ ತೂಗುತ್ತಿರುತ್ತವೆ.

ಹಿಂದೆ ನಾಲ್ವರು, ಈಗ ಒಬ್ಬರೇ

ಈ ಕಸುಬಿಗೆ ಜಪಾನ್ ಹೆಸರುವಾಸಿ. ಅಲ್ಲಿ ಹಳೆಯ ಪದ್ಧತಿಯಲ್ಲಿ ಚಿತ್ರಕಾರ, ಕೆತ್ತುವವ, ಅಚ್ಚು ಹಾಕುವವ ಬೇರೆ ಬೇರೆ. ಬಂಡವಾಳ ಹಾಕಿ ಮಾರುವ ಪ್ರಕಾಶಕ ನಾಲ್ಕನೆಯವನು. 1831ರ ಸುಮಾರಿಗೆ ಬಂದ ಹೊಕುಸಾಯ್ ಅವರ ದೊಡ್ಡ ಅಲೆಯ ಚಿತ್ರ ಹೀಗೇ ತಯಾರಾಗಿದ್ದು. ಅದರ ಪ್ರತಿಗಳು ಸಾವಿರಾರು ಸಂಖ್ಯೆಯಲ್ಲಿ, ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ಮಾರಾಟವಾದವು. 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಂಥ ಒಂದು ಪ್ರತಿಗೆ 27 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿತು. ಕೆತ್ತಿದ, ಒತ್ತಿದ ಕೈಗಳಿಗೆ ಅಂದು ಸಿಕ್ಕಿದ್ದು ಆ ದಿನದ ಕೂಲಿ ಅಷ್ಟೇ.

1904ರಲ್ಲಿ ಯಮಮೊಟೊ ಕನಾಯೆ ಎಂಬ ಯುವ ಕಲಾವಿದ ಮೀನುಗಾರನ ಚಿತ್ರವೊಂದನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚು ಹಾಕಿದರು. ಎಲ್ಲ ಕೆಲಸ ಒಬ್ಬರೇ ಮಾಡುವ ಪದ್ಧತಿ ಜಪಾನಿನಲ್ಲಿ ಬೆಳೆದದ್ದು ಆ ನಂತರ. ಇಂದು ಸ್ವತಂತ್ರವಾಗಿ ದುಡಿಯುವ ಅಚ್ಚುಚಿತ್ರ ಕಲಾವಿದರು ಎಲ್ಲೇ ಇರಲಿ, ನಡೆಯುತ್ತಿರುವುದು ಹೆಚ್ಚುಕಮ್ಮಿ ಇದೇ ದಾರಿಯಲ್ಲಿ. ಸ್ವಾತಂತ್ರ್ಯ ಪೂರ್ತಿ ಸಿಕ್ಕಿತು. ಜೊತೆಗೆ ಪ್ರಕಾಶಕ ಹೊರುತ್ತಿದ್ದ ನಷ್ಟವೂ ಕಲಾವಿದರ ತಲೆಗೇ ಬಂತು.

ಅಂಗಡಿ ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ ಮೂರು ಬಣ್ಣದ, 30 ಪ್ರತಿಯ ಒಂದು ಚಿತ್ರ ಅಂದುಕೊಳ್ಳಿ. ಬರೆಯಲು 3 ದಿನ, ಮೂರು ಹಲಗೆ ಕೆತ್ತಲು 9 ದಿನ, ಅಚ್ಚು ಹಾಕಲು 6 ದಿನ. ಒಟ್ಟು 18 ದಿನ. ದಿನಕ್ಕೆ 1,000 ರೂಪಾಯಿ ಕೂಲಿ ಹಿಡಿದರೆ 18,000. ಹಾಳಾಗುವ ಐದನ್ನು ಸೇರಿಸಿ 35 ಒಳ್ಳೆ ಹಾಳೆಗೆ 3,500. ಹಲಗೆ, ಮಸಿ, ಇತರೆ ಖರ್ಚು 2,500. ಎಲ್ಲ ಕೂಡಿ 24,000 ರೂಪಾಯಿ.

ಹಾಳೆಗೆ 800 ಬಿತ್ತು, 1,000ಕ್ಕೆ ಕೊಡಬಹುದಲ್ಲ ಅಂತ ಅನ್ನಿಸಬಹುದು. ಆದರೆ ಮೂವತ್ತೂ ಒಂದೇ ದಿನ ಹೋಗುವುದಿಲ್ಲ. ವರ್ಷವಾದರೂ ಅರ್ಧ ಉಳಿಯಬಹುದು. 2,000ಕ್ಕೆ ನೇರವಾಗಿ ಮಾರಿದರೂ ಹಾಕಿದ ದುಡ್ಡು ವಾಪಸ್ ಬರಲು 12 ಹಾಳೆ ಹೋಗಬೇಕು. ಗ್ಯಾಲರಿ ಅಥವಾ ಅಂಗಡಿಯಲ್ಲಿಟ್ಟರೆ 30ರಿಂದ 50 ಪರ್ಸೆಂಟ್ ಕಮಿಷನ್ ಹೋಗುವುದು ಸಾಮಾನ್ಯ. 30 ಪರ್ಸೆಂಟ್ ಕಳೆದರೆ ಕೈಗೆ 1,400. ಆಗ ಅಸಲು ಹುಟ್ಟುವುದು 18ನೇ ಹಾಳೆಗೆ. ಅದೂ ಮಾರಿದ ಮೇಲೆ ದುಡ್ಡು, ಮುಂಗಡ ಇಲ್ಲ.

ಹಾಗಾಗಿ ಬಹಳ ಮಂದಿ ಒಂದೇ ದಾರಿ ನೆಚ್ಚಿಕೊಳ್ಳುವುದಿಲ್ಲ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಂಥ ಕಡೆ ನೇರ ಮಾರಾಟ, ಮೊಬೈಲ್‌ನಲ್ಲಿ ಫೋಟೋ ಹಾಕಿ ಆರ್ಡರ್, ಮಕ್ಕಳಿಗೆ ಶಿಬಿರ, 200-300 ರೂಪಾಯಿಯ ಸಣ್ಣ ಕಾರ್ಡು, ಹೀಗೆ ಮೂರ್ನಾಲ್ಕು ಕಡೆಯಿಂದ ಸಂಸಾರ ಸಾಗಬೇಕು. ಕೆತ್ತುವ ದಿನಗಳ ನಡುವೆ ಪ್ಯಾಕಿಂಗ್, ಕೊರಿಯರ್, ಬಾಕಿ ವಸೂಲಿಯೂ ಇರುತ್ತದೆ.

ತೆರಿಗೆ ವಿಷಯದಲ್ಲಿ ಸ್ವಲ್ಪ ಸಮಾಧಾನ ಇದೆ. ಮೂಲ ಅಚ್ಚುಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಕೊಳ್ಳುವವರು ಏನು ನೋಡಬೇಕು?

ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 7/30 ಅಂತ ಇದ್ದರೆ, ಒಟ್ಟು 30ರಲ್ಲಿ ಇದು ಏಳನೆಯದು ಎಂದರ್ಥ. ಸಹಿ ಸಾಮಾನ್ಯವಾಗಿ ಬಲಕ್ಕೆ ಇರುತ್ತದೆ. 'ಎ.ಪಿ.' ಎಂದಿದ್ದರೆ ಅದು ಕಲಾವಿದರು ತಮಗಾಗಿ ಇಟ್ಟುಕೊಂಡ ಕೆಲವೇ ಪ್ರತಿಗಳಲ್ಲಿ ಒಂದು. ಏಳನೆಯದು ಇಪ್ಪತ್ತನೆಯದಕ್ಕಿಂತ ಮೇಲು ಅಂತೇನೂ ಇಲ್ಲ.

ಕಂಪ್ಯೂಟರ್ ಪ್ರಿಂಟನ್ನೇ ಮರದಚ್ಚು ಅಂತ ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದರೆ ಪ್ರಿಂಟರ್‌ನ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ. ಮರದಚ್ಚಿನಲ್ಲಿ ಬಣ್ಣ ಹರಡಿಕೊಂಡು ಒಂದೇ ಸಮ ಕಾಣುತ್ತದೆ, ಎಷ್ಟೋ ಸಲ ಮರದ ನಾರಿನ ಗೆರೆಯೂ ಮೂಡಿರುತ್ತದೆ. ಹಾಳೆ ತಿರುಗಿಸಿದರೆ ಉಜ್ಜಿದ ಗುರುತು ಸಿಗಬಹುದು. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಇಡಿಸಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆ 30 ಎಂಬ ಅಂಕಿ. ಅದನ್ನು ಪರೀಕ್ಷಿಸುವ ಸರ್ಕಾರಿ ಮುದ್ರೆ ಯಾವುದೂ ಇಲ್ಲ, ಕಲಾವಿದರ ಮಾತೇ ಗ್ಯಾರಂಟಿ. ಹಲಗೆ ಮನೆಯಲ್ಲೇ ಇರುತ್ತದೆ, ಇನ್ನೂ ಹತ್ತು ತೆಗೆದರೆ ಹಾಳೆ-ಮಸಿಯ ಖರ್ಚು ಮಾತ್ರ. ಕೈ ಕಟ್ಟಿದ ತಿಂಗಳಲ್ಲಿ ಈ ಆಸೆ ಸಣ್ಣದಲ್ಲ. ಆದರೆ 31ನೆಯದು ಹೊರಬಂದ ಸುದ್ದಿ ಹಬ್ಬಿದರೆ ಮೊದಲ 30 ಗಿರಾಕಿಗಳೂ ಕೈಬಿಟ್ಟುಹೋಗುತ್ತಾರೆ. ಅದಕ್ಕೇ ಕೆಲವರು ಕೊನೆಯ ಪ್ರತಿ ತೆಗೆದ ಕೂಡಲೇ ಹಲಗೆಯ ಮೇಲೆ ಉಳಿಯಿಂದ ಅಡ್ಡಗೀಟು ಎಳೆದುಬಿಡುತ್ತಾರೆ. ಚಿತ್ರಕ್ಕೆ ಬೇಡಿಕೆ ಎಷ್ಟೇ ಇರಲಿ, ಮುಂದಿನ ದುಡಿಮೆ ಹೊಸ ಹಲಗೆಯಿಂದಲೇ ಶುರುವಾಗಬೇಕು.