ರಿಜಿಸ್ಟರ್ ತರಲು ಹೋದ ಎರಡು ನಿಮಿಷ

ನಮ್ಮ ಚಿಕ್ಕಮ್ಮ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನರ್ಸ್. ಅಲ್ಲಿನ ಡ್ರೆಸ್ಸಿಂಗ್ ರೂಮಿನಲ್ಲಿ ಸಂಜೆ ಯುವಿ ಲ್ಯಾಂಪ್ ಹಾಕಿ ಬಾಗಿಲು ಎಳೆದುಕೊಂಡು ಬರೋದು ರೂಢಿ. ಒಂದು ದಿನ ಲ್ಯಾಂಪ್ ಹಾಕಿದ ಮೇಲೆ ರಿಜಿಸ್ಟರ್ ಒಳಗೇ ಉಳಿದದ್ದು ನೆನಪಾಯ್ತು. ‘ಎರಡೇ ನಿಮಿಷ ತಾನೇ’ ಅಂತ ಹೋಗಿ ಹುಡುಕಿ ತಂದರು. ಆಗ ಏನೂ ಆಗಲಿಲ್ಲ. ರಾತ್ರಿ ಒಂದು ಗಂಟೆಗೆ ಎದ್ದು ಕೂತರು. ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ನೀರು, ಲೈಟ್ ನೋಡೋಕೇ ಆಗ್ತಿಲ್ಲ. ನಾವು ಮದ್ರಾಸ್ ಐ ಅಂದುಕೊಂಡು ಅವರ ಟವೆಲ್ ಬೇರೆ ಇಟ್ಟೆವು. ಬೆಳಿಗ್ಗೆ ಕಣ್ಣಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ನಿನ್ನೆ ವೆಲ್ಡಿಂಗ್ ಏನಾದ್ರೂ ನೋಡಿದ್ರಾ?”

ಬರಿಗಣ್ಣಲ್ಲಿ ವೆಲ್ಡಿಂಗ್ ನೋಡಿದವರಿಗೆ ಆಗೋದೂ ಇದೇ. ಕಣ್ಣಿನ ಕಾರ್ನಿಯಾದ ಮೇಲ್ಪದರ ಸುಟ್ಟಿರುತ್ತೆ, ನೋವು ಮಾತ್ರ ಹಲವು ಗಂಟೆ ತಡವಾಗಿ ಬರುತ್ತೆ. ಚಿಕ್ಕಮ್ಮನಿಗೆ ಎರಡು ದಿನದಲ್ಲಿ ವಾಸಿಯಾಯ್ತು.

ಈಗ ನಮ್ಮ ಭಾಷೆಯಲ್ಲಿ ಲೆಕ್ಕ ಹಾಕೋಣ. ಇಂಥ ಕಡಿಮೆ ಒತ್ತಡದ ಪಾದರಸ ದೀಪದ ಮುಖ್ಯ ತರಂಗಾಂತರ 254 ನ್ಯಾನೋಮೀಟರ್. ರೋಗಾಣುಗಳ ಡಿಎನ್‌ಎ ಚೆನ್ನಾಗಿ ಹೀರಿಕೊಳ್ಳುವ ಬೆಳಕು ಇದರ ಆಸುಪಾಸಿನದೇ, ಆದ್ದರಿಂದಲೇ ಅವು ಸಾಯೋದು. 30 ವ್ಯಾಟ್‌ನ ಟ್ಯೂಬಿನಿಂದ ಒಂದು ಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 100 ಮೈಕ್ರೋವ್ಯಾಟ್ ಬೀಳುತ್ತೆ. ಕಣ್ಣಿಗೆ ದಿನದ ಎಂಟು ಗಂಟೆಗೆ ಅಂತ ಬಹುಕಾಲದಿಂದ ಬಳಸುತ್ತಿರುವ ಮಿತಿ, ಚದರ ಸೆಂಟಿಮೀಟರಿಗೆ 6 ಮಿಲಿಜೌಲ್. ಭಾಗಿಸಿ ನೋಡಿ: 60 ಸೆಕೆಂಡ್! ದಿನವಿಡೀ ಬಳಸಬೇಕಾದ ಪಾಲು ಒಂದೇ ನಿಮಿಷಕ್ಕೆ ಖರ್ಚು. ಚಿಕ್ಕಮ್ಮ ಒಳಗಿದ್ದದ್ದು ಎರಡು ನಿಮಿಷ.

ಇನ್ನೊಂದು ಮೋಸ ಇದೆ. ನಮಗೆ ಕಾಣುವ ಆ ತಿಳಿನೀಲಿ ಬೆಳಕು ಯುವಿ ಅಲ್ಲ, ಪಾದರಸದ ಬೇರೆ ತರಂಗಾಂತರಗಳು. ಅದು ಮಂದವಾಗಿರೋದರಿಂದ ಕಣ್ಣು ಮುಚ್ಚಿಕೊಳ್ಳಬೇಕು ಅಂತ ಅನಿಸೋದೇ ಇಲ್ಲ. ಅತ್ತ ಟ್ಯೂಬ್ ಹಳೆಯದಾಗಿ ಯುವಿ ಕುಗ್ಗಿದ ಮೇಲೂ ನೀಲಿ ಹಾಗೇ ಹೊಳೀತಿರುತ್ತೆ. ‘ಉರೀತಿದೆ, ಅಂದ್ರೆ ಕ್ರಿಮಿ ಸಾಯ್ತಿದೆ’ ಅನ್ನೋ ಹಾಗಿಲ್ಲ. ಯುವಿ ಮೀಟರ್‌ನಲ್ಲಿ ಅಳೀಬೇಕು, ಉರಿದ ಗಂಟೆಗಳ ಲೆಕ್ಕ ಇಡಬೇಕು. ಟ್ಯೂಬಿನ ಮೇಲಿನ ಧೂಳೂ ಯುವಿ ತಿನ್ನುತ್ತೆ. ನೆರಳಲ್ಲಿರುವ ಜಾಗಕ್ಕಂತೂ ಅದು ಹೆಚ್ಚುಕಡಿಮೆ ತಲುಪೋದೇ ಇಲ್ಲ. ಮಂಚದ ಅಡಿ, ಕತ್ತರಿಯ ಸಂದಿ, ಒಣಗಿದ ರಕ್ತದ ಕೆಳಗೆ ಕ್ರಿಮಿಗಳು ಆರಾಮಾಗಿರುತ್ತವೆ. ಅದಕ್ಕೇ ಯುವಿ ಪೆಟ್ಟಿಗೆಯಲ್ಲಿ ಉಪಕರಣ ಇಟ್ಟು ‘ಸ್ಟೆರಿಲೈಸ್ ಆಯ್ತು’ ಅನ್ನೋದು ತಪ್ಪು. ಆ ಕೆಲಸ ಆಟೋಕ್ಲೇವ್‌ನದು, 121 ಡಿಗ್ರಿ ಹಬೆಯದು. ಹಾಗೇ, ಕೋವಿಡ್ ಹೊತ್ತಲ್ಲಿ ಕೈಗೆ ಯುವಿ ಹಿಡೀಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯ್ತು.

ಓಝೋನ್ ಕಥೆ ಬೇರೆ. ಅದು ಅನಿಲ, ಸಂದಿಗೊಂದಿಗೂ ನುಗ್ಗುತ್ತೆ. ಆ ಗುಣವೇ ಅದರ ಅಪಾಯ ಕೂಡ, ಯಾಕಂದ್ರೆ ಶ್ವಾಸಕೋಶಕ್ಕೂ ನುಗ್ಗುತ್ತೆ. ಅಮೆರಿಕದಲ್ಲಿ ಕೆಲಸದ ಜಾಗದ ಮಿತಿ 0.1 ಪಿಪಿಎಂ. ಕೋಣೆಯನ್ನು ಸೋಂಕುರಹಿತ ಮಾಡಲು ಬೇಕಾಗೋದು ಇದರ ಎಷ್ಟೋ ಪಟ್ಟು. ಅಂದರೆ ಜನ ಕೂತಿರುವಾಗ ಓಝೋನ್ ಯಂತ್ರ ಓಡಿಸಿದರೆ ಎರಡರಲ್ಲಿ ಒಂದು: ಕ್ರಿಮಿ ಸಾಯೋದಿಲ್ಲ, ಇಲ್ಲಾಂದ್ರೆ ಜನ ಕೆಮ್ಮುತ್ತಾರೆ. ವೇಟಿಂಗ್ ಹಾಲ್‌ನ ಮೂಲೆಯಲ್ಲಿ ‘ಶುದ್ಧ ಗಾಳಿ’ ಅಂತ ಇಟ್ಟಿರೋದು ನೋಡಿದರೆ ನನಗೆ ಸಿಟ್ಟು ಬರುತ್ತೆ, ಅಲ್ಲಿ ಆಸ್ತಮಾದವರೂ ಕೂತಿರ್ತಾರೆ. ವಾಸನೆ ಬಂದರೆ ಗೊತ್ತಾಗುತ್ತಲ್ಲ ಅಂತೀರಾ? ಮೊದಲು ಬರುತ್ತೆ, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಳ್ಳುತ್ತೆ. ಕೋಣೆ ಖಾಲಿ ಮಾಡಿ, ಬಾಗಿಲ ಸಂದಿ ಮುಚ್ಚಿ ಓಡಿಸಬೇಕು. ಆಮೇಲೆ ಗಾಳಿಯಾಡಿಸಿ, ಮೀಟರ್ 0.1ಕ್ಕಿಂತ ಕೆಳಗೆ ತೋರಿಸಿದ ಮೇಲೇ ಒಳಗೆ ಹೋಗಬೇಕು, ಗಡಿಯಾರ ನೋಡಿಕೊಂಡಲ್ಲ. ಬಿಪಿ ಯಂತ್ರದ ರಬ್ಬರ್ ಟ್ಯೂಬು, ಗ್ಲೌಸ್ ಇವನ್ನೆಲ್ಲ ಮೊದಲೇ ಹೊರಗಿಡಿ, ನೈಸರ್ಗಿಕ ರಬ್ಬರನ್ನು ಓಝೋನ್ ಬಿರುಕು ಬಿಡಿಸುತ್ತೆ. ಕೆಲವು ಯುವಿ ಟ್ಯೂಬುಗಳು 185 ನ್ಯಾನೋಮೀಟರನ್ನೂ ಹೊರಬಿಟ್ಟು ತಾವೇ ಓಝೋನ್ ಮಾಡುತ್ತವೆ. ಕೊಳ್ಳುವಾಗ ಯಾವ ಬಗೆ ಅಂತ ಕೇಳಿ.

ಈಗ ನಮ್ಮ ಪ್ರಾಜೆಕ್ಟ್‌ಗಳ ವಿಷಯ. ಯುವಿ ಪೆಟ್ಟಿಗೆ ಅಂದ ಕೂಡಲೇ ಒಂದು ಆರ್ಡುಯಿನೋ, ಒಂದು ಪಿಐಆರ್ ಸೆನ್ಸರ್, ಒಂದು ರಿಲೇ, ಮುಗೀತು. ಆದರೆ ಪಿಐಆರ್ ಗುರುತಿಸೋದು ಚಲನೆಯನ್ನ. ಅಲ್ಲಾಡದೆ ಕೂತವರು ಅದಕ್ಕೆ ಕಾಣೋದಿಲ್ಲ. ಕರೆಂಟ್ ಹೋಗಿ ಬಂದರೆ ಸುಮಾರು ಒಂದು ನಿಮಿಷ ಅದರ ಮಾತು ನಂಬೋ ಹಾಗಿಲ್ಲ. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೋಡ್ ಎಷ್ಟು ಚೆನ್ನಾಗಿದ್ದರೂ ಲ್ಯಾಂಪ್ ಆರೋದಿಲ್ಲ. ಆದ್ದರಿಂದ ಬಾಗಿಲಿನ ಲಿಮಿಟ್ ಸ್ವಿಚ್ಚನ್ನು ಲ್ಯಾಂಪಿನ ಸಪ್ಲೈಗೇ ಸರಣಿಯಲ್ಲಿ ಹಾಕಿ. ಬಾಗಿಲು ಮುಚ್ಚಿದ್ದರೆ ಮಾತ್ರ ಸರ್ಕ್ಯೂಟ್ ಪೂರ್ತಿ, ವೈರ್ ಕಿತ್ತುಹೋದರೂ ಲ್ಯಾಂಪ್ ಆಫ್. ಮತ್ತೆ ಬಾಗಿಲು ಮುಚ್ಚಿದ ತಕ್ಷಣ ತಾನಾಗೇ ಹೊತ್ತಿಕೊಳ್ಳಬಾರದು, ಹೊರಗಿನಿಂದ ಯಾರಾದರೂ ಬಟನ್ ಒತ್ತಬೇಕು. ಇಲ್ಲದಿದ್ದರೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡವರ ಗತಿ? ಪಿಐಆರ್ ಇರಲಿ, ಎರಡನೇ ಕಾವಲಾಗಿ.

ಸೆಮಿಸ್ಟರ್ ರಜೆಯಲ್ಲಿ ಹೋಗಿ ನಾನು ಮತ್ತು ಕ್ಲಿನಿಕ್‌ನ ಎಲೆಕ್ಟ್ರಿಷಿಯನ್ ಸೇರಿ ಮಾಡಿದ್ದು ಇಷ್ಟೇ: ಸ್ವಿಚ್ ಬಾಗಿಲ ಹೊರಗೆ ಬಂತು, ಚೌಕಟ್ಟಿಗೆ ಲಿಮಿಟ್ ಸ್ವಿಚ್, ಮೇಲೊಂದು ಕೆಂಪು ದೀಪ. ಬಾಗಿಲಲ್ಲಿ ಗಾಜಿನ ಕಿಂಡಿ ಮೊದಲೇ ಇತ್ತು. ಸಾಧಾರಣ ಗಾಜು 254 ನ್ಯಾನೋಮೀಟರನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತೆ, ಹಾಗಾಗಿ ಅಲ್ಲಿಂದಲೇ ಒಳಗೆ ಯಾರಿದ್ದಾರೆ ನೋಡಬಹುದು. ಕಸ ಗುಡಿಸುವ ಅಕ್ಕನಿಗೆ ಓದಲು ಬರೋದಿಲ್ಲ, ಅದಕ್ಕೆ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಅಡ್ಡ ಗೀಟು ಹಾಕಿದೆವು. ರಿಜಿಸ್ಟರ್ ಈಗ ಹೊರಗೆ ಮೊಳೆಗೆ ನೇತಾಡ್ತಿದೆ.