ಶಾಂತಲೆ ಒಬ್ಬಳೇ ಉಳಿದಳು

ಹೊಯ್ಸಳರ ಶಾಸನಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳನ್ನು ಗಮನಿಸುತ್ತ ಹೋದರೆ ಒಂದೇ ದನಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ರಾಣಿಯರು ಶಾಂತಲದೇವಿ, ಬಮ್ಮಲದೇವಿ, ರಾಜಲದೇವಿ. ಮೊಮ್ಮಗ ಇಮ್ಮಡಿ ಬಲ್ಲಾಳನ ಅರಮನೆಗೆ ಬಂದರೆ ಪದ್ಮಲದೇವಿ, ಕೇತಲದೇವಿ. ಇಷ್ಟು ಹೆಸರುಗಳಲ್ಲಿ ಇವತ್ತಿನ ಹಾಜರಿ ಪುಸ್ತಕದಲ್ಲಿ ಕಾಣಸಿಗುವುದು ಶಾಂತಲಾ ಮಾತ್ರ.

‘ದೇವಿ’ ತೆಗೆದರೆ ಉಳಿಯುವ ಕೊನೆಯ ‘ಅಲೆ’ ಆ ಕಾಲದ ಮನೆಮಾತು. ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮಿಯನ್ನು ಲಕ್ಕಲೆ ಎಂದೂ ಕರೆಯುತ್ತಿದ್ದರು. ಮಂತ್ರಿ ಚಂದ್ರಮೌಳಿಯ ಹೆಂಡತಿ ಒಮ್ಮೆ ಆಚಲದೇವಿ, ಇನ್ನೊಮ್ಮೆ ಆಚಿಯಕ್ಕ. 1181ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೆ ಜನ ಈಗಲೂ ಅಕ್ಕನ ಬಸದಿ ಎನ್ನುತ್ತಾರೆ. ‘ಅಲೆ’ ಇದ್ದ ಕಡೆ ‘ಅಕ್ಕ’ ಬಂದರೂ ಹೆಸರು ಕೆಡಲಿಲ್ಲ. ಹಾಗೆ ನೋಡಿದರೆ ಪಟ್ಟಮಹಿಷಿ ಶಾಂತಲೆಗೂ ನಮ್ಮ ಬೀದಿಯ ಶಾಂತಮ್ಮ, ಶಾಂತಕ್ಕಂದಿರಿಗೂ ಹೆಸರಿನ ನಂಟು ಹತ್ತಿರದ್ದೇ. ನನಗಂತೂ ಇದು ಬಹಳ ಇಷ್ಟದ ಸಂಗತಿ.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. 1123ರಲ್ಲಿ ಆಕೆ ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಮೇಲೆ ಬಸದಿ ಕಟ್ಟಿಸಿ ಒಳಗೆ ನಿಲ್ಲಿಸಿದ್ದು ಶಾಂತಿನಾಥನನ್ನು. ಮಗಳ ಹೆಸರಿನಲ್ಲಿ ತಾಯಿಯ ಭಕ್ತಿಯೂ ಸೇರಿರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಬಸದಿಗೆ ಬಂದದ್ದು ಮಾತ್ರ ಆಕೆಯ ಬಿರುದು: ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ! ಶಾಂತಿಯ ಹೆಸರು ಹೊತ್ತವಳು ಈ ಬಿರುದನ್ನೂ ಹೆಮ್ಮೆಯಿಂದಲೇ ಹೊತ್ತಿದ್ದಳು.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಧುಮುಕಿದಳೆಂಬ ಕಥೆ ಜನರ ಬಾಯಲ್ಲಿದೆ. ಶಾಸನ ಅದನ್ನು ಹೇಳುವುದಿಲ್ಲ. ಅದು ಹೇಳುವುದು ತಾಯಿಯ ಸಂಕಟವನ್ನು. ಮಗಳಿಲ್ಲದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ನೀರು ಬಿಟ್ಟು, ಸನ್ಯಸನದಿಂದ ದೇಹ ತೊರೆದಳು.

ಆಮೇಲೆ ಈ ಹೆಸರು ಬಹುಕಾಲ ಕಲ್ಲಿನಲ್ಲೇ ಇತ್ತು. 1889ರಲ್ಲಿ ಬಿ. ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು ಅಚ್ಚು ಹಾಕಿಸಿದಾಗ ಅದು ಓದುವವರ ಕೈಗೆ ಬಂತು. ಆರ್. ನರಸಿಂಹಾಚಾರ್ 1923ರಲ್ಲಿ ಆ ಸಂಪುಟವನ್ನು ಪರಿಷ್ಕರಿಸಿದರು. ವಿದ್ವಾಂಸರ ಮೇಜಿನಿಂದ ಮನೆಗಳಿಗೆ ಅದನ್ನು ದಾಟಿಸಿದವರು ಕಾದಂಬರಿಕಾರರು: ಮೊದಲು ‘ಶಾಂತಲಾ’ ಬರೆದ ಕೆ. ವಿ. ಅಯ್ಯರ್, ಬಳಿಕ ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದ ಸಿ. ಕೆ. ನಾಗರಾಜರಾವ್. ನಾಗರಾಜರಾಯರ ಕಾದಂಬರಿಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಬೇಲೂರಿನ ದರ್ಪಣಸುಂದರಿಯಲ್ಲಿ ರಾಣಿಯ ಮುಖ ಕಾಣುವವರ ಕಣ್ಣೂ ಈ ಹೆಸರಿಗೆ ನೆರವಾಯಿತು, ಆ ಶಿಲ್ಪ ಆಕೆಯದೇ ಎನ್ನಲು ಶಾಸನದ ಆಧಾರವಿಲ್ಲದಿದ್ದರೂ.

ಇನ್ನೊಂದು ಕಾರಣ ಹೆಸರಿನೊಳಗೇ ಇದೆ ಎನಿಸುತ್ತದೆ. ಶಾಸನದ ಶಾಂತಲೆ ನಮ್ಮ ಕಾಲಕ್ಕೆ ಶಾಂತಲಾ ಆಗಿ ನಿರ್ಮಲಾ, ಕೋಮಲಾ, ಸರಳಾರ ಸಾಲಿನಲ್ಲಿ ಸಲೀಸಾಗಿ ಕೂತಳು. ಏಚಲೆ, ಬಮ್ಮಲೆ, ಕೇತಲೆಯರಿಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಕೇಳಿದವರಿಗೆ ಅರ್ಥ ಹೊಳೆಯಲಿಲ್ಲ, ಕಥೆ ಬರೆಯುವವರೂ ಸಿಗಲಿಲ್ಲ. ಆದರೆ ಲಕ್ಕಲೆಗೆ ಏನು ಕಡಿಮೆ? ಚಂದ್ರಗಿರಿಯ ಎರಡುಕಟ್ಟೆ ಬಸದಿ ಕಟ್ಟಿಸಿದವಳು ಆಕೆಯೇ. ತೊಟ್ಟಿಲಿಗೆ ಹೊಸ ಹೆಸರು ಹುಡುಕುವವರು ಒಮ್ಮೆ ಅವಳನ್ನೂ ಕೂಗಿ ನೋಡಲಿ.