ಫೇಟಿಯಾದ ಸೂಜಿ ಪೇಟೆಗೆ ಬಂದದ್ದು

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೆಡೆ ಹರಡಿ ಗಿನ್ನೆಸ್ ದಾಖಲೆ ಮಾಡಲಾಯಿತು. ಹೊಲಿದವರು ಸಂಡೂರು ಕುಶಲ ಕಲಾ ಕೇಂದ್ರದ ಜೊತೆ ದುಡಿಯುವ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಸಂಖ್ಯೆ ಎಲ್ಲೆಡೆ ಮೆರೆಯಿತು. ನನ್ನನ್ನು ಕಾಡಿದ್ದು ಬೇರೆ. ಮಗಳ ಮದುವೆಗೆಂದು ವರ್ಷಗಟ್ಟಲೆ ಹೊಲಿದಿಡುತ್ತಿದ್ದ, ಮಾರುವ ಮಾತೇ ಇಲ್ಲದಿದ್ದ ಕಸೂತಿ ದಿಂಬಿನ ಗೌಸಾಗಿ, ಕೈಚೀಲವಾಗಿ ಪೇಟೆಗೆ ಬಂದದ್ದು ಹೇಗೆ?

ಲಂಬಾಣಿಗರದು ಎತ್ತು ನಂಬಿದ ಬದುಕಾಗಿತ್ತು. ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನುದ್ದಕ್ಕೂ ತಿರುಗುತ್ತಿದ್ದರು, ದಂಡುಗಳಿಗೂ ಅವರೇ ದವಸ ಒದಗಿಸುತ್ತಿದ್ದರು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ ಹಾದು ಹುಬ್ಬಳ್ಳಿಯತ್ತ ರೈಲು ಹಳಿ ಬಿತ್ತು. ಎತ್ತಿನ ಹೇರನ್ನು ಕೇಳುವವರಿಲ್ಲವಾಯಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದ ಮೇಲೆ ತಿರುಗುವವರೆಲ್ಲ ಸರ್ಕಾರದ ಕಣ್ಣಿಗೆ ಅನುಮಾನದವರಾದರು. ತಾಂಡಾಗಳು ಊರಾಚೆ ನೆಲೆ ನಿಂತವು. ಮುಂದಿನದು ಸೌದೆ, ಕೂಲಿ, ಮಳೆ ನಂಬಿದ ಹೊಲ, ಕಬ್ಬು ಕಡಿಯಲು ಗುಳೆ.

ಈ ನಡುವೆ 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅದರ ಆಸರೆಯಲ್ಲಿ, ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆಯವರ ಆಸಕ್ತಿಯಿಂದ 1980ರ ದಶಕದಲ್ಲಿ ಕುಶಲ ಕಲಾ ಕೇಂದ್ರ ಬೆಳೆಯಿತು. ಅಲ್ಲಿಗೆ ಬಂದ ಹಿರಿಯ ಹೆಣ್ಣುಮಕ್ಕಳ ಧೈರ್ಯವನ್ನು ನಾವು ಸಾಕಷ್ಟು ನೆನೆದಿಲ್ಲ. ಅವರಿಗೆ ಬಟ್ಟೆಯ ಮೇಲೆ ಗೆರೆ ಎಳೆಯಬೇಕಿರಲಿಲ್ಲ. ಎಳೆ ಎಣಿಸುತ್ತಲೇ ಕಿಲನ್, ವೇಲೆ, ಮಕಿ ಹೊಲಿಗೆಗಳು ಮೂಡುತ್ತಿದ್ದವು. ಕನ್ನಡಿಯ ಸುತ್ತ ಬಿಗಿದು, ಕವಡೆ ಪೋಣಿಸಿ ಮುಗಿಸಿದರೆ ಆಯಿತು. ಕೇಂದ್ರಕ್ಕೆ ಬಂದ ಮೇಲೆ ಟೇಪಿನ ಅಳತೆ ಬಂತು. ಹತ್ತು ಚೀಲಕ್ಕೂ ಒಂದೇ ಬಣ್ಣ, ಒಂದೇ ಅಳತೆ ಬೇಕು, ಇಂಥ ದಿನಕ್ಕೆ ಮುಗಿಯಲೇಬೇಕು. ಅಚ್ಚಗೆಂಪು ಬಟ್ಟೆಗೇ ಒಗ್ಗಿದ ಕೈ, ನಗರದವರು ಬಯಸುವ ಮಾಸಲು ಬಣ್ಣಕ್ಕೂ ಒಗ್ಗಬೇಕಾಯಿತು. ಒಗ್ಗಿದರು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಎಷ್ಟೋ ಮನೆಗಳ ಕೂಲಿ ನಿಂತಿತು. ಸೂಜಿಯ ಕೆಲಸಕ್ಕೆ ಯಾವ ಗಣಿಯ ಪರವಾನಗಿಯೂ ಬೇಕಿರಲಿಲ್ಲ.

ಆದರೆ ಹೊಲಿಗೆ ಲೋಕ ಸುತ್ತುತ್ತಿರುವಾಗಲೇ ಉಡುಪು ಮೈಬಿಟ್ಟಿತು. ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ಕಡೆ ತಾಂಡಾಗಳಲ್ಲಿ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ ತೊಟ್ಟವರು ಈಗ ಬಹುಪಾಲು ಮುದುಕಿಯರೇ. ಜಗುಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿಯ ತೋಳಿನಲ್ಲಿ ಮೊಣಕೈಯಿಂದ ಭುಜದವರೆಗೂ ಬಿಳಿ ಬಳೆಗಳಿದ್ದವು, ಎಲ್ಲ ಪ್ಲಾಸ್ಟಿಕ್ಕಿನವು. ದಂತದ ಕಾಲ ಹೋಯಿತೆಂದು ಬಳೆಯನ್ನೇ ಬಿಡಲಿಲ್ಲ ಆಕೆ. ಪಕ್ಕದಲ್ಲಿದ್ದ ಮೊಮ್ಮಗಳಿಗೆ ಆ ಉಡುಪು ಶಾಲೆಯ ವಾರ್ಷಿಕೋತ್ಸವದ ವೇಷ ಮಾತ್ರ. ಹುಡುಗಿಯನ್ನು ದೂರಲಾರೆ. ಬಸ್ಸಿನಲ್ಲಿ, ಸಂತೆಯಲ್ಲಿ ಆ ಉಡುಪನ್ನು ನೋಡಿ ನಕ್ಕವರು, ಮುಖ ತಿರುಗಿಸಿದವರು ನಾವು. ಅದೇ ಕಸೂತಿ ಅಂಗಡಿಯ ಗಾಜಿನೊಳಗೆ ಸೇರಿದ ಮೇಲೆ ಮೆಚ್ಚಿಕೊಂಡವರೂ ನಾವೇ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಸಂಡೂರು ತಾಲ್ಲೂಕಿನ ಶಾಲೆಗಳಲ್ಲಿ ವಾರಕ್ಕೊಂದು ಪೀರಿಯಡ್ ಕಸೂತಿಗೆ ಇಡಬೇಕು, ಹುಡುಗರೂ ಕೂರಬೇಕು. ಕಲಿಸಲು ಈ ಅಜ್ಜಿಯರನ್ನೇ ಕರೆಯಬೇಕು. ಡಿಗ್ರಿ ಕೇಳದೆ, ಮೇಷ್ಟ್ರಿಗೆ ಕೊಡುವಂತೆ ಅವರಿಗೂ ಸಂಬಳ ಕೊಡಬೇಕು.